ಬೆಕ್ಕು ಮಲಗದ ಗುಂಡಿ

ಶುವಾ ಗುಂಡಿಯ ಮೇಲಿನ ಮಣ್ಣು ಬೆಳಿಗ್ಗೆ ಬೆಚ್ಚಗಿರಬೇಕು. ಓಮನ್ ದೇಶದ ಮರಳುಗಾಡಿನಲ್ಲಿ ಪ್ರವಾಸಿಗರ ಕ್ಯಾಂಪೊಂದರಲ್ಲಿ ನಾನು ಕೆಲಸಕ್ಕಿದ್ದಾಗ, ಚಳಿಗಾಲದ ಮುಂಜಾನೆ ಕ್ಯಾಂಪಿನ ಆಡುಗಳು ಬಂದು ಆ ಮಣ್ಣಿನ ಮೇಲೆಯೇ ಮಲಗುತ್ತಿದ್ದವು. ಅವನ್ನು ಎಬ್ಬಿಸಿ ಓಡಿಸುವುದು ನನ್ನ ದಿನದ ಮೊದಲ ಕೆಲಸ. ಆಮೇಲೆ ಅಮೆರಿಕಕ್ಕೆ ಬಂದು ಡುವಾಲ್ ಎಂಬ ಊರಿನ ತೋಟದಲ್ಲಿ ನಾನು ತೋಡಿದ ಗುಂಡಿಯ ಮೇಲೆ ಆ ಬೆಳಿಗ್ಗೆ ಒಂದು ಬೆಕ್ಕು ಬಂತು. ಮೂಸಿತು, ಒಂದು ಕಾಲಿಟ್ಟು ನೋಡಿತು. ಆಮೇಲೆ ನಡೆದುಹೋಗಿ, ಆಗಷ್ಟೇ ಬಂದು ನಿಂತಿದ್ದ ತೋಟದ ಯಜಮಾನರ ಪಿಕಪ್ ಗಾಡಿಯ ಬಿಸಿ ಬಾನೆಟ್ ಮೇಲೆ ಮುದುಡಿ ಮಲಗಿತು. ನಾನು ಅದನ್ನು ನೋಡಿದೆ. ನೋಡಿಯೂ ಯಾರಿಗೂ ಹೇಳಲಿಲ್ಲ.

ಶುವಾ ಅಲ್ಲಿಯವರ ಹಬ್ಬದ ಅಡುಗೆ. ಕುರಿಯ ದೊಡ್ಡ ತುಂಡುಗಳಿಗೆ ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ, ಏಲಕ್ಕಿ, ಲವಂಗ, ಒಣಮೆಣಸಿನಕಾಯಿ ಎಲ್ಲವನ್ನೂ ವಿನೆಗರ್‌ನಲ್ಲಿ ಅರೆದು ಹಚ್ಚುತ್ತಾರೆ. ಬಾಳೆ ಎಲೆಯಲ್ಲಿ ಸುತ್ತಿ, ಒದ್ದೆ ಚೀಲದಲ್ಲಿ ಕಟ್ಟಿ, ಕೆಂಡ ತುಂಬಿದ ಗುಂಡಿಗೆ ಇಳಿಸಿ, ಮೇಲೆ ತಗಡು ಮುಚ್ಚಿ ಮಣ್ಣು ಮೆತ್ತುತ್ತಾರೆ. ಒಂದು ಎಳೆ ಹೊಗೆಯೂ ಹೊರಗೆ ಬರಬಾರದು. ಮರುದಿನ ತೆಗೆದರೆ ಮಾಂಸ ಎಲುಬಿನಿಂದ ತಾನಾಗಿಯೇ ಬಿಟ್ಟುಕೊಂಡಿರುತ್ತದೆ. ಪ್ರವಾಸಿಗರು ಮರಳಿನ ದಿಬ್ಬ ಹತ್ತಿ ಸೂರ್ಯ ಮುಳುಗುವುದನ್ನು ನೋಡಿ ಬಂದು, ಆ ಗುಂಡಿ ತೆಗೆಯುವುದನ್ನು ನೋಡಲು ಸುತ್ತ ನಿಲ್ಲುತ್ತಿದ್ದರು.

ಇದನ್ನೆಲ್ಲ ನಾನು ಅಕ್ಕನ ಮನೆಯ ಊಟದ ಟೇಬಲ್ಲಿನಲ್ಲಿ ಕೂತು ಹೇಳುತ್ತಿದ್ದೆ. ಅಕ್ಕ ಮತ್ತು ಆಕೆಯ ಗಂಡ, ನಾನು ಮಾಮಾ ಎನ್ನುವವರು, ಡುವಾಲ್‌ನಿಂದ ದೂರವಿಲ್ಲದ ಕ್ಯಾನ್ಯನ್ ಪಾರ್ಕ್ ಹತ್ತಿರ ಇರುತ್ತಾರೆ. ಆಕೆ ನನಗಾಗಿ ಅರ್ಜಿ ಹಾಕಿ, ಎಷ್ಟೋ ವರ್ಷ ಕಾದು, ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಆಮೇಲೆ ಫ್ಯಾಕ್ಟೋರಿಯಾದ ಆಫೀಸಿನಲ್ಲಿದ್ದ ತನ್ನ ಕೆಲಸ ಬಿಟ್ಟು, ಇಲ್ಲಿನ ಕನ್ನಡದ ಕುಟುಂಬಗಳನ್ನು ಪ್ರವಾಸಕ್ಕೆ ಕರೆದೊಯ್ಯುವ ಸಣ್ಣ ಕೆಲಸ ಶುರು ಮಾಡಿದಳು. ಊರಿಗೆ ಹೋಗುವವರು ದಾರಿಯಲ್ಲಿ ಕೆಲವು ದಿನ ಓಮನ್‌ನಲ್ಲಿ ಇಳಿದು, ಕೋಟೆ, ಕಣಿವೆ, ಮರಳುಗಾಡು ನೋಡಿ, ಅಲ್ಲಿಯ ಊಟ ಉಂಡು ಮುಂದೆ ಹೋಗಬೇಕು. ದಾರಿ ತೋರಿಸುವವನು ನಾನು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ನನ್ನ ಮಾತನ್ನು ಯಾರಾದರೂ ಲ್ಯಾಪ್‌ಟಾಪ್ ತೆಗೆದು ಬರೆದುಕೊಂಡದ್ದು ಅದೇ ಮೊದಲು.

ಒಂದು ಸಂಜೆ ಅಕ್ಕ ಕೇಳಿದಳು, "ಆ ಗುಂಡಿ ಕೆಲಸ ಎಲ್ಲಾ ನೀನ ಮಾಡ್ತಿದ್ದಿ ಏನೋ?"

"ಮತ್ಯಾರು? ನಾನ."

ಸುಳ್ಳು. ಕ್ಯಾಂಪಿನ ಗುಂಡಿ ಒಬ್ಬ ಮುದುಕರದು. ಒಳಗೆಲ್ಲ ಕಲ್ಲು ಕಟ್ಟಿದ್ದ ಹಳೆಯ ಗುಂಡಿ. ಬೆಂಕಿಯ ಹತ್ತಿರ ಅವರು ಯಾರನ್ನೂ ಬಿಡುತ್ತಿರಲಿಲ್ಲ. ನಾನು ಅನ್ನ ಮಾಡುತ್ತಿದ್ದೆ, ಆಡು ಓಡಿಸುತ್ತಿದ್ದೆ. ಜನ ಸೇರಿದ ಮೇಲೆ ತಗಡು ಸರಿಸಿ, ಇದನ್ನು ಹೇಗೆ ಮಾಡುತ್ತಾರೆಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಎಷ್ಟು ಸಲ ಹೇಳಿದ್ದೆನೆಂದರೆ, ನಾನೇ ಮಾಡಿದ್ದೇನೆ ಎಂದು ನನಗೂ ಅನ್ನಿಸತೊಡಗಿತ್ತು.

ಅಕ್ಕನ ಯೋಜನೆ ಇದು. ಡುವಾಲ್‌ನ ಒಂದು ತೋಟದ ಕೊಟ್ಟಿಗೆಯಲ್ಲಿ ಆ ಕನ್ನಡದ ಕುಟುಂಬಗಳನ್ನೆಲ್ಲ ಸೇರಿಸುವುದು, ಚಿತ್ರ ತೋರಿಸುವುದು, ಶುವಾ ತೆಗೆದು ಉಣ್ಣಿಸುವುದು. ಅಲ್ಲಿ ಜನ ಒಪ್ಪಿದರೆ ಚಳಿಗಾಲಕ್ಕೆ ಮೊದಲ ತಂಡ ಹೊರಡುತ್ತದೆ. ಇಲ್ಲದಿದ್ದರೆ ಹಳೆಯ ಕೆಲಸಕ್ಕೆ ಮರಳುವಂತೆಯೂ ಇರಲಿಲ್ಲ, ಆಕೆ ಬಿಟ್ಟುಬಂದ ಕುರ್ಚಿಯಲ್ಲಿ ಈಗಾಗಲೇ ಬೇರೆ ಯಾರೋ ಕೂತಿದ್ದರು.

ತೋಟದ ಯಜಮಾನರು ವಯಸ್ಸಾದ ಅಮೆರಿಕನ್. ನನಗೆ ತಿಳಿಯಲೆಂದು ನಿಧಾನವಾಗಿ ಮಾತಾಡುತ್ತಿದ್ದರು. ಗುಂಡಿಗೆ ಕೊಟ್ಟಿಗೆಯ ಹಿಂದಿನ ದಿನ್ನೆಯನ್ನು ತೋರಿಸಿದರು. ಅಲ್ಲಿ ಕಲ್ಲು ಜಾಸ್ತಿ, ಜಾಗವೂ ಇಕ್ಕಟ್ಟು. ನಾನು ಕೆಳಗಿನ ಬಯಲನ್ನು ಆರಿಸಿದೆ. ಮಣ್ಣು ಮೆತ್ತಗಿತ್ತು, ಜನ ಸುತ್ತ ನಿಲ್ಲಬಹುದಿತ್ತು, ಹಿಂದೆ ಹೊಳೆ ಮತ್ತು ಗುಡ್ಡ ಇದ್ದುದರಿಂದ ಫೋಟೊ ಚೆನ್ನಾಗಿ ಬರುತ್ತಿತ್ತು. ಪ್ರತಿ ಚಳಿಗಾಲ ಹೊಳೆ ಈ ಬಯಲಿಗೇ ಬರುತ್ತದೆ, ಒಳಗೆ ನೀರು ದೂರವಿಲ್ಲ ಎಂದು ಯಜಮಾನರು ಹೇಳಿದರು. ನಮ್ಮಲ್ಲಿ ಎಲ್ಲಿ ಬೇಕಾದರೂ ತೋಡುತ್ತೇವೆ ಎಂದೆ. ನಮ್ಮಲ್ಲಿ ಎನ್ನುವ ಮಾತು ನನ್ನ ಬಾಯಲ್ಲಿ ಸಲೀಸಾಗಿ ಬಂತು. ಮರುಭೂಮಿಯೇ ನಮ್ಮೂರು ಎನ್ನುವ ಹಾಗೆ.

ಸೊಂಟದವರೆಗೆ ತೋಡಿದೆ. ತಳದ ಮಣ್ಣು ಕಪ್ಪಗಿತ್ತು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲುತ್ತಿತ್ತು. ಮರಳುಗಾಡಿನ ಮಣ್ಣು ಬೆರಳ ಸಂದಿಯಿಂದ ಇಳಿದುಹೋಗುತ್ತದೆ. ಆ ಉಂಡೆಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡು ಕೂತಿದ್ದೆ. ಆಮೇಲೆ ಬಿಸಾಕಿ, ಹೊಳೆಯ ದಂಡೆಯಿಂದ ದುಂಡು ಕಲ್ಲು ತಂದು ತಳಕ್ಕೆ ಹಾಸಿದೆ. ಬೆಂಕಿ ಹಚ್ಚಿದ ಸ್ವಲ್ಪ ಹೊತ್ತಿಗೆ ಒಂದು ಕಲ್ಲು ಗುಂಡು ಹೊಡೆದ ಸದ್ದು ಮಾಡಿ ಸಿಡಿಯಿತು. ಅದರ ಚೂರು ನನ್ನ ಕಿವಿಯ ಪಕ್ಕದಲ್ಲೇ ಹಾರಿತು. ಯಜಮಾನರು ಓಡಿ ಬಂದರು. ನೀರು ಕುಡಿದ ಹೊಳೆಗಲ್ಲು ಕಾದರೆ ಸಿಡಿಯುತ್ತದೆ, ಅದು ಇಲ್ಲಿನ ಮಕ್ಕಳಿಗೂ ಗೊತ್ತು ಎಂದರು. ಬೆಂಕಿ ಆರಿಸಿ ಕಲ್ಲು ತೆಗೆದೆವು. ಅವರ ಹಳೆಯ ಒಲೆಯ ಇಟ್ಟಿಗೆಗಳನ್ನು ಜೋಡಿಸಿ ಮತ್ತೆ ಹಚ್ಚಿದೆ. ಕಟ್ಟಿಗೆ ಇಲ್ಲಿನ ಹೊಳೆದಂಡೆಯಲ್ಲಿ ಬೆಳೆಯುವ ಆಲ್ಡರ್ ಮರದ್ದು. ಚೆನ್ನಾಗಿ ಉರಿಯಿತು, ಆದರೆ ಕೆಂಡ ಬಹಳ ಹೊತ್ತು ಉಳಿಯಲಿಲ್ಲ, ಬೇಗ ಬೂದಿಯಾಯಿತು. ಕ್ಯಾಂಪಿನಲ್ಲಿ ಉರಿಸುತ್ತಿದ್ದುದು ಜಾಲಿಯ ಜಾತಿಯ ಮುಳ್ಳಿನ ಮರ. ಅದರ ಕೆಂಡ ಮರುದಿನವೂ ಕಣ್ಣು ತೆರೆದಿರುತ್ತದೆ.

ಮಾಂಸದ ಚೀಲಗಳನ್ನು ಅಕ್ಕನೇ ತಂದಳು. ಹಿಂದಿನ ದಿನ ಇಬ್ಬರೂ ಕೂತು ಮಸಾಲೆ ಹಚ್ಚಿದ್ದೆವು. ಚೀಲ ಇಳಿಸಿದೆ, ತಗಡು ಮುಚ್ಚಿದೆ, ಮಣ್ಣು ಕಲಸಿ ಮೆತ್ತಿದೆ. ಆಗ ಯಜಮಾನರು ಒಂದು ಥರ್ಮಾಮೀಟರ್ ತಂದರು. ಗೊಬ್ಬರದ ರಾಶಿಗೆ ಚುಚ್ಚಿ ನೋಡುವಂಥದ್ದು, ಮೊಳಕ್ಕಿಂತ ಉದ್ದದ ಕಡ್ಡಿ, ತುದಿಯಲ್ಲಿ ಬಣ್ಣ ಬಣ್ಣದ ಪಟ್ಟಿಗಳ, ಗಡಿಯಾರದಂಥ ಮುಖ. ತಗಡಿಗೆ ಒಂದು ತೂತು ಮಾಡಿ ಇಳಿಸೋಣ, ಒಳಗೆ ಎಷ್ಟು ಕಾದಿದೆ ಎಂದು ಹೊರಗಿನಿಂದಲೇ ಗೊತ್ತಾಗುತ್ತದೆ ಎಂದರು.

ಅಕ್ಕ ನನ್ನ ಮುಖ ನೋಡಿದಳು.

"ಬ್ಯಾಡ ಅಕ್ಕಾ. ಒಮ್ಮೆ ಮುಚ್ಚಿದ್ರ ಮುಗೀತು. ತೆಗೆಯೋತನಕ ಯಾರೂ ಇಣುಕಂಗಿಲ್ಲ. ಅಲ್ಲಿ ಪದ್ಧತಿ ಹಂಗ ಐತಿ."

ಆ ಪದ್ಧತಿ ಇರುವುದು ನಿಜ. ಆದರೆ ನಾನು ಪದ್ಧತಿಗಾಗಿ ಬೇಡ ಎನ್ನಲಿಲ್ಲ. ಮುಳ್ಳು ಎಲ್ಲಿ ನಿಲ್ಲುತ್ತದೆಯೋ ಎಂಬ ಹೆದರಿಕೆಗೆ ಬೇಡ ಎಂದೆ. ಅಕ್ಕ ಅದನ್ನು ಯಜಮಾನರಿಗೆ ಹೆಮ್ಮೆಯಿಂದ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಭುಜ ಕುಣಿಸಿ ಥರ್ಮಾಮೀಟರನ್ನು ಕೊಟ್ಟಿಗೆಯ ಮೊಳೆಗೆ ತೂಗುಹಾಕಿದರು.

ಮರುದಿನ ಬೆಳಿಗ್ಗೆ ಅಕ್ಕನಿಗಿಂತ ಮೊದಲು ನಾನೊಬ್ಬನೇ ಬಂದೆ. ಬೆಕ್ಕಿನ ಸಂಗತಿ ಮೊದಲೇ ಹೇಳಿದೆ. ಬೆಕ್ಕು ಹೋದ ಮೇಲೆ ನಾನು ಮಂಡಿಯೂರಿ ಎರಡೂ ಅಂಗೈ ಮಣ್ಣಿನ ಮೇಲಿಟ್ಟೆ. ತಣ್ಣಗಿತ್ತು. ಬರೀ ತಣ್ಣಗಲ್ಲ, ಒದ್ದೆಯಾಗಿತ್ತು. ತಗಡಿನ ಅಂಚಿನ ಮಣ್ಣು ನೀರುಂಡು ಮೆತ್ತಗಾಗಿತ್ತು.

ಆಗ ಸಮಯವಿತ್ತು. ಇದನ್ನೇ ನಾನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತೇನೆ. ಜನ ಬರುವುದು ಮಧ್ಯಾಹ್ನದ ಮೇಲೆ. ಆಗಲೇ ಫೋನ್ ಮಾಡಿ, ಅಕ್ಕಾ, ಗುಂಡಿ ಆರಿದೆ, ಮಾಂಸ ಬಿಸಾಕೋಣ, ಬೇರೆ ತಂದು ಒಲೆಯ ಮೇಲೆ ಏನಾದರೂ ಮಾಡೋಣ ಎಂದಿದ್ದರೆ, ಬೈದು ಸುಮ್ಮನಾಗುತ್ತಿದ್ದಳು. ಫೋನ್ ಬಂದದ್ದೂ ಆಕೆಯಿಂದಲೇ.

"ಏ ತಮ್ಮಾ, ಎಲ್ಲಾ ಸರಿ ಐತೇನೋ?"

"ಸರಿ ಐತಿ."

"ನಿನ್ನ ದನಿ ಯಾಕ ಹಂಗ ಐತಿ?"

"ಥಂಡಿ ಐತಿ ಇಲ್ಲಿ. ನೀ ಅವಸರ ಮಾಡಬ್ಯಾಡ, ಆರಾಮ ಬಾ."

ಫೋನ್ ಇಟ್ಟು, ಯಜಮಾನರು ತಮ್ಮ ಮನೆಯೊಳಗಿದ್ದಾಗ, ನಾನು ತಗಡಿನ ಮೇಲೆಯೇ ಕಟ್ಟಿಗೆ ಪೇರಿಸಿ ಬೆಂಕಿ ಹಚ್ಚಿದೆ. ಮೇಲಿನ ಶಾಖ ಒಳಗೆ ಇಳಿದೀತು ಎಂದು ನನಗೆ ನಾನೇ ಹೇಳಿಕೊಂಡೆ. ಇಳಿಯುವುದಿಲ್ಲ ಎಂದು ಗೊತ್ತಿತ್ತು. ಉರಿದು ಮುಗಿದ ಮೇಲೆ ಬೂದಿ ಗುಡಿಸಿ, ಮೇಲೆ ಒಣಮಣ್ಣು ಹರಡಿದೆ. ಆಮೇಲೆ ಬಂದ ಅಕ್ಕ ನೆಟ್ಟಗೆ ಗುಂಡಿಯ ಹತ್ತಿರ ಹೋಗಿ ಬಗ್ಗಿ ಅಂಗೈ ಇಟ್ಟಳು.

"ಎಷ್ಟು ಬೆಚ್ಚಗ ಐತಿ ನೋಡು. ನೀ ಹೇಳಿದ ಆಡು ಇದ್ದಿದ್ರ ಇಲ್ಲೇ ಮಕ್ಕೋತಿದ್ವು."

ನಾನು ನಕ್ಕೆ.

ಜನ ಬಂದರು. ಕೊಟ್ಟಿಗೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಅಕ್ಕ ಚಿತ್ರ ಹಾಕಿದಳು. ಒಂದೊಂದು ಚಿತ್ರಕ್ಕೂ ನಾನು ಮಾತಾಡಬೇಕು. ಮಣ್ಣಿನ ಕೋಟೆ ಬಂತು. ಬಾಗಿಲ ಮೇಲಿನ ಕಿಂಡಿಯಿಂದ ವೈರಿಗಳ ತಲೆಗೆ ಕುದಿಯುವ ಖರ್ಜೂರದ ಪಾಕ ಸುರಿಯುತ್ತಿದ್ದರು ಎಂದೆ.

"ನಮ್ಮತ್ತೆಗೆ ಇದನ್ನ ತೋರಿಸ್ಬಾರ್ದು," ಎಂದರು ಮುಂದೆ ಕೂತಿದ್ದ ಬೆಂಗಳೂರಿನ ಕಡೆಯ ಹೆಂಗಸು. ಗಂಡ ಕೆಮ್ಮಿದರು.

ಬಂಡೆಗಳ ನಡುವೆ ಹಸಿರು ನೀರು ನಿಂತ ಕಣಿವೆ ಬಂತು. ಆಮೆಗಳು ಮೊಟ್ಟೆ ಇಡಲು ಬರುವ ಕಡಲತೀರ, ಲೋಬಾನದ ಹೊಗೆ ತುಂಬಿದ ಹಳೆಯ ಪೇಟೆ, ಕೊನೆಗೆ ಮರಳು.

"ಒಂಟೆ ಮೇಲೆ ಕೂತು ನನ್ ಬೆನ್ನಿಗೇನಾದ್ರೂ ಆದ್ರೆ ಇನ್ಷೂರೆನ್ಸ್ ಇದ್ಯಾ ಮೇಡಂ?" ಎಂದು ಆ ಗಂಡ ಕೇಳಿದರು.

"ಒಂಟಿಗೆ ಐತ್ರಿ," ಎಂದಳು ಅಕ್ಕ. ಎಲ್ಲರೂ ನಕ್ಕರು.

"ನಮ್ಮನೇಲಿ ಮೊಟ್ಟೇನೂ ತಿನ್ನಲ್ಲ. ನಮಗೇನಿರತ್ತೆ ಅಲ್ಲಿ?" ಎಂದು ಇನ್ನೊಬ್ಬರು ಕೇಳಿದರು. ನಾನು ಹಿಂದಿನಿಂದ ತಟ್ಟೆ ತಂದು ತೋರಿಸಿದೆ. ಬಿಸಿ ಹಂಚಿನ ಮೇಲೆ ಹಿಟ್ಟನ್ನು ಕೈಯಿಂದ ಸವರಿ ಮಾಡುವ, ಕಾಗದದಷ್ಟು ತೆಳ್ಳನೆಯ ರೊಟ್ಟಿ, ಜೇನು, ಬೇಳೆಯ ಸಾರು, ಖರ್ಜೂರ, ಕೇಸರಿ ಹಾಕಿದ ಹಲ್ವಾ, ಏಲಕ್ಕಿ ಕಾಫಿ. ಇವನ್ನು ಮಾಡಲು ನನಗೆ ನಿಜವಾಗಿಯೂ ಬರುತ್ತಿತ್ತು.

ಆಮೇಲೆ ಎಲ್ಲರೂ ಗುಂಡಿಯ ಸುತ್ತ ಬಂದು ನಿಂತರು. ಫೋನುಗಳು ಮೇಲೆದ್ದವು. ನಾನು ಮಣ್ಣು ಸರಿಸಿ ತಗಡು ಎತ್ತಿದೆ. ಬೆಳಗಿನ ಬೆಂಕಿಗೆ ಕಾದಿದ್ದ ತಗಡಿನ ಅಡಿಯಿಂದ ಹಬೆ ಬಂತು, ಮಸಾಲೆಯ ವಾಸನೆಯೂ ಬಂತು. ಜನ ಆಹಾ ಎಂದರು. ಮೇಲಿನ ಚೀಲ ಎತ್ತಿದಾಗ ಅದರ ಅಡಿಯಿಂದ ನೀರು ತೊಟ್ಟಿಕ್ಕಿತು. ಅದು ಮಾಂಸದ ರಸವಲ್ಲ, ತೆಳ್ಳನೆಯ ಕಪ್ಪು ನೀರು. ಗುಂಡಿಯೊಳಗೆ ಬಗ್ಗಿ ನೋಡಿದೆ. ತಳದಲ್ಲಿ ನೀರು ನಿಂತಿತ್ತು, ಅದರಲ್ಲಿ ಇದ್ದಲು ತೇಲುತ್ತಿತ್ತು. ನಾನು ಬಗ್ಗಿದ್ದರಿಂದ, ಹಬೆಯೂ ಇದ್ದುದರಿಂದ, ಸುತ್ತ ಇದ್ದವರಿಗೆ ಅದು ಕಾಣಲಿಲ್ಲ.

ಚೀಲ ಮೇಜಿನ ಮೇಲಿಟ್ಟು ಬಿಚ್ಚಿದೆ. ಹೊರಗಿನ ಬಣ್ಣ ಚೆನ್ನಾಗಿಯೇ ಇತ್ತು. ಚಾಕು ಹಾಕಿದೆ. ಮಾಂಸ ಎಲುಬು ಬಿಡಲಿಲ್ಲ. ಎಲುಬಿನ ಹತ್ತಿರ ಕೆಂಪಗಿತ್ತು, ಮುಟ್ಟಿದರೆ ಉಗುರುಬೆಚ್ಚಗಿತ್ತು. ರಾತ್ರಿಯೆಲ್ಲ ಹಾಗೆಯೇ ಇದ್ದಿರಬೇಕು. ಉಗುರುಬೆಚ್ಚಗೆ ಇಡೀ ರಾತ್ರಿ ಕೂತ ಮಾಂಸ ಏನಾಗುತ್ತದೆಂದು ಯಾವ ಅಡುಗೆಯವನಿಗೂ ಹೇಳಿಕೊಡಬೇಕಿಲ್ಲ.

ಅಕ್ಕ ನನ್ನ ಪಕ್ಕಕ್ಕೆ ಬಂದು ಅಂಗೈ ಚಾಚಿದಳು.

ಕ್ಯಾಂಪಿನಲ್ಲಿ ಮೊದಲ ತುತ್ತು ಊಟಕ್ಕೆ ಕರೆದ ಮನೆಯವನದು. ಆತ ಎಲ್ಲರೆದುರು ತಿಂದ ಮೇಲೆಯೇ ಬಂದವರು ಕೈ ಹಾಕಬೇಕು. ನಿಮಗೆ ಕೊಡುವುದನ್ನು ನಾನು ತಿಂದಿದ್ದೇನೆ ಎಂದು ಅದರ ಅರ್ಥ. ಇದನ್ನು ಆಕೆಗೆ ಹೇಳಿದವನು ನಾನೇ.

"ಕೊಡೋ. ಮನೀಯವರು ಮೊದ್ಲ ತಿನ್ನಬೇಕು ಅಂತ ನೀನ ಹೇಳಿದ್ದಿ."

ನಾನು ಹೊರಗಿನ ಅಂಚಿನ ಒಂದು ಚೂರು ಕಿತ್ತು ಆಕೆಯ ಅಂಗೈಗೆ ಹಾಕಿದೆ. ಅದಾದರೂ ಬೆಂದಿರಬಹುದು ಎಂದುಕೊಂಡೆ. ತಿಂದಳು. "ಉಪ್ಪು ಸರಿ ಐತಿ," ಎಂದಳು. ನಾನು ಬೇಡ ಎನ್ನುವ ಮೊದಲೇ ತಿಂದುಬಿಟ್ಟಳು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಹೇಳಲು ಬೇಕಾದಷ್ಟು ಹೊತ್ತಿತ್ತು. ಆಕೆ ತಾನೇ ಕೈ ಹಾಕಿ, ಎಲುಬಿನ ಬುಡದಿಂದ ಇನ್ನೊಂದು ತುಂಡು ಎಳೆದು ಬಾಯಿಗೆ ಹಾಕಿಕೊಂಡಳು. ಅಗಿಯುತ್ತಲೇ ಜನರ ಕಡೆ ತಿರುಗಿ, ಬರ್ರಿ ಬರ್ರಿ ಎಂದು ಕೈಯಾಡಿಸಿದಳು.

ಮೊದಲು ಬಂದದ್ದು ಆ ಬೆಂಗಳೂರಿನವರ ಮಗಳು. ಆರೇಳು ವರ್ಷ ಇರಬಹುದು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಅಂಕಲ್, ಕ್ಯಾನ್ ಐ ಹ್ಯಾವ್ ದ ಬೋನ್ ಒನ್?"

ನನ್ನ ಕೈ ತಾನಾಗಿ ಹೋಗಿ ಆ ತಟ್ಟೆಯನ್ನು ಮುಚ್ಚಿತು.

"ತಡೀರಿ," ಎಂದೆ. "ಯಾರೂ ತಿನ್ನಬ್ಯಾಡ್ರಿ. ಇದು ಬೆಂದಿಲ್ಲ."

ತೋಟದ ಯಜಮಾನರು ಕೊಟ್ಟಿಗೆಗೆ ಹೋಗಿ ಥರ್ಮಾಮೀಟರ್ ತಂದು, ಯಾರನ್ನೂ ಕೇಳದೆ ಮಾಂಸದ ದಪ್ಪ ಜಾಗಕ್ಕೆ ಚುಚ್ಚಿದರು. ಮುಳ್ಳು ತಣ್ಣಗಿದೆ ಎನ್ನುವ ನೀಲಿ ಪಟ್ಟಿಯಿಂದ ಮೇಲೇಳಲೇ ಇಲ್ಲ. ಅವರು ಅದನ್ನು ಅಕ್ಕನಿಗೆ ತೋರಿಸಿದರು, ನನಗೆ ತೋರಿಸಲಿಲ್ಲ. ಅಕ್ಕ ಬಾಯೊರೆಸಿಕೊಂಡಳು.

"ಅಂದ್ರೆ ಈಗ್ ಊಟ?" ಎಂದು ಯಾರೋ ಮೆಲ್ಲಗೆ ಕೇಳಿದರು.

ನಾನು ಹೇಳಿದೆ. ಜಾಗ ತಪ್ಪು ಆರಿಸಿದ್ದು, ಗುಂಡಿಯೊಳಗೆ ನೀರು ಬಂದದ್ದು, ಯಜಮಾನರು ಹೇಳಿದರೂ ಕೇಳದೆ ಇದ್ದದ್ದು. ಅಷ್ಟನ್ನು ಹೇಳಿದೆ. ಬೆಳಿಗ್ಗೆ ಮಣ್ಣು ಮುಟ್ಟಿ ನೋಡಿದ್ದನ್ನು ಹೇಳಲಿಲ್ಲ. ಮೇಲೆ ಬೆಂಕಿ ಹಾಕಿದ್ದನ್ನು ಹೇಳಲಿಲ್ಲ.

ಅಕ್ಕ ಜನರ ಮುಂದೆ ಬಂದಳು. ನಮ್ಮ ಮನೆಯ ಮಾತು ಬಿಟ್ಟು ಅವರ ಬೆಂಗಳೂರಿನ ಮಾತಿನಲ್ಲೇ ಹೇಳಿದಳು, "ನೋಡಿ, ನನ್ ತಮ್ಮ ಸುಮ್ನಿದ್ದಿದ್ರೆ ನೀವೆಲ್ಲ ತಿಂದ್ಬಿಡ್ತಿದ್ರಿ, ಫೋಟೋನೂ ಹಾಕ್ತಿದ್ರಿ. ಎಲ್ರ ಮುಂದೆ ಮರ್ಯಾದೆ ಹೋದ್ರೂ ಪರವಾಗಿಲ್ಲ ಅಂತ ಬಾಯಿ ಬಿಟ್ಟು ಹೇಳಿದಾನೆ. ಅಂಥವನ ಜೊತೇಲಿ ನಿಮ್ಮ ಮಕ್ಕಳನ್ನ ಮರುಭೂಮಿಗೆ ಕಳಿಸ್ತೀರೋ ಇಲ್ವೋ ನೀವೇ ಯೋಚ್ನೆ ಮಾಡಿ. ಈಗ ರೊಟ್ಟಿ ಸಾರು ಇದೆ, ಊಟ ಮಾಡೋಣ ಬನ್ನಿ."

ನಾನು ಹಂಚಿನ ಮುಂದೆ ಕೂತು ರೊಟ್ಟಿ ಮಾಡಿದೆ. ಮಾಡಿದಷ್ಟೂ ಖಾಲಿಯಾಯಿತು. ಮೊಟ್ಟೆಯನ್ನೂ ತಿನ್ನದ ಮನೆಯವರು ಮೂರನೇ ಸಲ ಬಂದು, "ಇವತ್ತು ಗೆದ್ದಿದ್ದು ನಾವೇ," ಎಂದು ಹೇಳಿ ಹೋದರು. ಆ ಮಗುವಿನ ಅಪ್ಪ ನನ್ನ ಹೆಗಲು ತಟ್ಟಿ, "ಥ್ಯಾಂಕ್ಸ್ ರೀ. ನಮ್ಮ ಹೆಸ್ರು ಬರ್ಕೊಳಿ, ನಾವ್ ಬರ್ತೀವಿ," ಎಂದರು. ಕಾಫಿಯ ಹೊತ್ತಿಗೆ ಮೊದಲ ತಂಡ ತುಂಬಿತ್ತು. ಮಾಮಾ ಪಾತ್ರೆ ಹೊರುತ್ತ, "ನಿಮ್ಮ ಅಕ್ಕ ನಿನ್ನ ಸೋಲನ್ನೂ ಮಾರಿಬಿಟ್ಟಳಲ್ಲೋ," ಎಂದು ನಕ್ಕರು. ಅಕ್ಕ ನಗುವಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ನಗುವಿಗೆ ಇರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದೇ ನನಗೆ ಅನುಕೂಲವಾಗಿತ್ತು.

ಮರುದಿನ ಬೆಳಗಾಗುವಷ್ಟರಲ್ಲಿ ಆಕೆ ಬಚ್ಚಲ ನೆಲದ ಮೇಲೆ ಕೂತಿದ್ದಳು. ನೀರು ಕುಡಿದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಎದ್ದು ನಿಲ್ಲಲು ಹೋಗಿ ಗೋಡೆ ಹಿಡಿದಳು, ಮತ್ತೆ ಕುಸಿದಳು. ಮಾಮಾ ಮತ್ತು ನಾನು ಎತ್ತಿ ಕಾರಿಗೆ ಹಾಕಿ ಕ್ಲಿನಿಕ್ಕಿಗೆ ಕರೆದೊಯ್ದೆವು. ಡ್ರಿಪ್ ಹಾಕಿದರು. ನಿನ್ನೆ ಏನು ತಿಂದಿದ್ದರು ಎಂದು ನರ್ಸ್ ಕೇಳಿದಾಗ ಮಾಮಾ ನನ್ನನ್ನು ನೋಡಿದರು. ಬೇಯದ ಮಾಂಸ ಎಂದು ಹೇಳಿದೆ. ಎಷ್ಟು ಹೊತ್ತು ಹಾಗೆ ಇತ್ತು ಎಂದರು. ಇಡೀ ರಾತ್ರಿ ಎಂದೆ. ನರ್ಸ್ ಬರೆದುಕೊಂಡು ಹೋದರು.

ಮಾಮಾ ಕಾಫಿ ತರಲು ಹೋದಾಗ ಅಕ್ಕ ಕಣ್ಣು ಬಿಟ್ಟಳು. ತುಟಿ ಒಣಗಿ ಬಿರಿದಿತ್ತು.

"ತಮ್ಮಾ."

"ಹೇಳಕ್ಕಾ."

"ನಾ ತಿನ್ನೂಕಿಂತ ಮೊದ್ಲ ನಿನಗ ಗೊತ್ತಿತ್ತೇನು?"

"ಇಲ್ಲ."

"ಹೂಂ," ಎಂದಳು. ಸೂಜಿ ಚುಚ್ಚದ ಕೈಯಿಂದ ನನ್ನ ಮೊಣಕೈ ತಟ್ಟಿದಳು. "ಹೋಗ್ಲಿ ಬಿಡು. ಕೂಸಿಗೆ ಏನೂ ಆಗ್ಲಿಲ್ಲಲ್ಲ."

ಮೂರನೇ ದಿನ ಆಕೆ ಅನ್ನ ಮೊಸರು ಉಂಡಳು. ಅದೇ ವಾರ ನಾನು ಡುವಾಲ್‌ಗೆ ಹೋಗಿ ಗುಂಡಿ ಮುಚ್ಚಿದೆ. ಇಟ್ಟಿಗೆ ತೆಗೆದು ತೊಳೆದು ಯಜಮಾನರಿಗೆ ಕೊಟ್ಟೆ. ಅವರು ಹಿಂದಿನ ದಿನ್ನೆಯನ್ನು ತೋರಿಸಿ, ಮುಂದಿನ ಸಲ ಅಲ್ಲಿ ಎಂದರು. ಹಾಗೆ ಅವರು ಹೇಳಿದ್ದೇ ದೊಡ್ಡದು. ಮನೆಗೆ ಬಂದು ಕ್ಯಾಂಪಿಗೆ ಫೋನ್ ಮಾಡಿ ಆ ಮುದುಕರನ್ನು ಫೋನಿಗೆ ಕರೆಸಿದೆ. ಗುಂಡಿಯ ಕೆಲಸ ನನಗೆ ಬರುವುದಿಲ್ಲ, ಹೇಳಿಕೊಡಿ ಎಂದೆ. ಅವರು ಬಹಳ ಹೊತ್ತು ನಕ್ಕರು. ಆಡು ಓಡಿಸುವುದು ಮರೆತಿಲ್ಲ ತಾನೇ ಎಂದರು.

ಪ್ರವಾಸಕ್ಕೆ ಮೊದಲು ಅಕ್ಕನ ಮನೆಯ ಓವನ್‌ನಲ್ಲಿ ಒಂದು ಸಲ ಮಾಡಿ ನೋಡಿದೆ. ಅದೇ ಮಸಾಲೆ, ಅದೇ ಬಾಳೆ ಎಲೆ. ಥರ್ಮಾಮೀಟರ್ ಕೊಂಡು ತಂದಿದ್ದೆ. ದಪ್ಪ ಜಾಗಕ್ಕೆ, ಎಲುಬಿನ ಬುಡಕ್ಕೆ, ಎರಡೂ ಕಡೆ ಚುಚ್ಚಿ ನೋಡಿದೆ. ಎಲೆ ಬಿಚ್ಚಿದಾಗ ಎಲುಬು ಕೈಗೆ ಬಂತು. ವಾಸನೆಗೆ ಅಕ್ಕ ಮಹಡಿಯಿಂದ ಇಳಿದು ಬಂದಳು. ಬಂದವಳೇ, ಏನೂ ಆಗಿಲ್ಲ ಎನ್ನುವಂತೆ ಅಂಗೈ ಚಾಚಿದಳು.

ನನಗೆ ಕೊಡಲಾಗಲಿಲ್ಲ.

"ಅಕ್ಕಾ, ಅವತ್ತು ನನಗ ಗೊತ್ತಿತ್ತು. ಮುಂಜಾನೇನ ಗೊತ್ತಿತ್ತು. ನೀ ಮುಟ್ಟಿ ನೋಡಿದ್ದು ಬೆಚ್ಚಗ ಇರಲಿ ಅಂತ ಮ್ಯಾಲ ಬೆಂಕಿ ಹಾಕಿದ್ದೆ. ಆ ಗುಂಡಿ ಕೆಲಸ ನಾ ಯಾವತ್ತೂ ಮಾಡಿಲ್ಲ."

ಚಾಚಿದ ಕೈ ಹಾಗೆಯೇ ಇತ್ತು. ಆಕೆ ಏನಾದರೂ ಬೈಯಲಿ ಎಂದು ಕಾದೆ. ಆಕೆ ಮಾಂಸ ನೋಡಿದಳು, ಥರ್ಮಾಮೀಟರ್ ನೋಡಿದಳು, ಆಮೇಲೆ ನನ್ನನ್ನು. ನಿಧಾನವಾಗಿ ಕೈ ಹಿಂದೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡಳು. ಆ ಕೈಯಲ್ಲಿ ಏನೂ ಇರಲಿಲ್ಲ.

"ಮೊದ್ಲ ನೀ ತಿನ್ನು," ಎಂದಳು.

ತಿಂದೆ. ನಾನು ನುಂಗುವವರೆಗೂ ಆಕೆ ನನ್ನ ಗಂಟಲನ್ನೇ ನೋಡುತ್ತ ನಿಂತಿದ್ದಳು.